ಒಂದೇ ಬೇಳೆಯಿಂದ ಒಬ್ಬಟ್ಟು, ಒಬ್ಬಟ್ಟಿನ ಸಾರು

ಯುಗಾದಿಯ ದಿನ ಬೇವು-ಬೆಲ್ಲ ಹಂಚಿಕೊಂಡ ಮೇಲೆ ಹಳೆ ಮೈಸೂರು ಭಾಗದ ಮನೆಗಳಲ್ಲಿ ಎಲೆಯ ತುದಿಗೆ ಕೋಸಂಬರಿ, ಪಲ್ಯ, ಮಾವಿನಕಾಯಿ ಚಿತ್ರಾನ್ನ ಎಲ್ಲವೂ ಬರುತ್ತವೆಯಾದರೂ, ಹಬ್ಬದೂಟ ಎನಿಸಿಕೊಳ್ಳುವುದು ಒಬ್ಬಟ್ಟು ಮತ್ತು ಅದರ ಸಾರಿನಿಂದ. ಇವೆರಡೂ ಹುಟ್ಟುವುದು ಒಂದೇ ಪಾತ್ರೆಯಲ್ಲಿ ಬೆಂದ ಬೇಳೆಯಿಂದ. ಬೇಳೆಯ ಹದ ತಪ್ಪಿದರೆ ಹೂರಣವೂ ಕೆಡುತ್ತದೆ, ಸಾರೂ ಸೊರಗುತ್ತದೆ. ಆದ್ದರಿಂದ ಮೊದಲ ಬಾರಿಗೆ ಮಾಡುವವರು ಒಬ್ಬಟ್ಟು ತಟ್ಟುವ ಕೈಚಳಕದ ಬಗ್ಗೆ ಚಿಂತಿಸುವುದಕ್ಕಿಂತ ಬೇಳೆ ಬೇಯುವಾಗ ಒಲೆಯ ಮುಂದೆ ನಿಲ್ಲುವುದು ಮುಖ್ಯ.

ಸುಮಾರು 20 ಒಬ್ಬಟ್ಟಿಗೆ ಬೇಕಾಗುವುದು 2 ಲೋಟ ತೊಗರಿಬೇಳೆ, ಒಂದೂವರೆಯಿಂದ 2 ಲೋಟ ಪುಡಿ ಮಾಡಿದ ಬೆಲ್ಲ, 1 ಲೋಟ ಮೈದಾ, ಅರ್ಧ ಲೋಟ ಚಿರೋಟಿ ರವೆ, ಕಾಲು ಚಮಚ ಅರಿಶಿನ, ನಾಲ್ಕಾರು ಏಲಕ್ಕಿ, ಎಣ್ಣೆ ಮತ್ತು ತುಪ್ಪ. ಬೆಲ್ಲ ಕಪ್ಪಗಿದ್ದರೂ ಚಿಂತೆಯಿಲ್ಲ. ಬಿಳಿಚಿಕೊಂಡ ಬೆಲ್ಲಕ್ಕಿಂತ ಕಂದು ಬಣ್ಣದ ಅಚ್ಚು ಬೆಲ್ಲವೇ ಹೂರಣಕ್ಕೆ ಹೆಚ್ಚು ಘಮ ಕೊಡುತ್ತದೆ.

ಕಣಕವನ್ನು ಎಲ್ಲಕ್ಕಿಂತ ಮೊದಲು ಕಲಸಿಡಬೇಕು. ಮೈದಾ, ರವೆ, ಅರಿಶಿನ ಮತ್ತು ಚಿಟಿಕೆ ಉಪ್ಪನ್ನು ಬೆರೆಸಿ, ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ, ಅಂಗೈಯಿಂದ ಚೆನ್ನಾಗಿ ನಾದಿ, ಕೊನೆಗೆ ನಾಲ್ಕೈದು ಚಮಚ ಎಣ್ಣೆಯನ್ನು ಮೇಲೆ ಸುರಿದು ಮುಚ್ಚಿಡಿ. ಕನಿಷ್ಠ 2 ಗಂಟೆ ಅದನ್ನು ಮುಟ್ಟಬಾರದು. ನಾದುವಾಗ ಬಿಗಿದುಕೊಂಡ ಹಿಟ್ಟು ಈ ಹೊತ್ತಿನಲ್ಲಿ ಸಡಿಲವಾಗುತ್ತದೆ. ಸ್ವಲ್ಪ ಚಿವುಟಿ ಎಳೆದಾಗ ಹರಿಯದೆ ಉದ್ದಕ್ಕೆ ಬಂದರೆ ಕಣಕ ಸಿದ್ಧವಾಯಿತೆಂದು ತಿಳಿಯಬಹುದು. ಯುಗಾದಿಯ ಹೊತ್ತಿಗೂ ಚಳಿ ಬಿಡದ ದೇಶಗಳಲ್ಲಿ ಇರುವವರು ಕಣಕವನ್ನು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಇನ್ನೂ ಹೆಚ್ಚು ಹೊತ್ತು ನೆನೆಯಲು ಬಿಡುವುದು ಒಳ್ಳೆಯದು.

ಇನ್ನು ಬೇಳೆ. ಕುಕ್ಕರ್ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕುಕ್ಕರಿನಲ್ಲಿ ತೊಗರಿಬೇಳೆ ಬೇಗ ಕರಗಿ ನೀರಿನೊಂದಿಗೆ ಒಂದಾಗುತ್ತದೆ. ಹಾಗಾದ ಮೇಲೆ ಬಸಿಯಲು ಕಟ್ಟೂ ಉಳಿಯುವುದಿಲ್ಲ, ಹೂರಣವೂ ಗಟ್ಟಿಯಾಗುವುದಿಲ್ಲ. ದೊಡ್ಡ ಪಾತ್ರೆಯಲ್ಲಿ 7–8 ಲೋಟ ನೀರು ಕುದಿಸಿ, ತೊಳೆದ ಬೇಳೆ ಹಾಕಿ, ಉಕ್ಕದಂತೆ ಒಂದು ಚಮಚ ಎಣ್ಣೆ ಸೇರಿಸಿ, ಮೇಲೆ ಬರುವ ನೊರೆಯನ್ನು ಸೌಟಿನಿಂದ ತೆಗೆಯುತ್ತಿರಿ. ಇಪ್ಪತ್ತು ನಿಮಿಷದ ನಂತರ ಆಗಾಗ ಒಂದೆರಡು ಕಾಳನ್ನು ತೆಗೆದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ನೋಡಬೇಕು. ನಡುವೆ ಬಿಳಿಯ ಚುಕ್ಕೆ ಕಂಡರೆ ಇನ್ನೂ ಬೇಯಬೇಕು. ಕಾಳು ನೋಡಲು ಇಡಿಯಾಗಿದ್ದು, ಒತ್ತಿದೊಡನೆ ಗಂಟಿಲ್ಲದೆ ನುಣ್ಣಗೆ ಹಿಸುಕಿಹೋದರೆ ಅದೇ ಹದ. ತಕ್ಷಣ ಒಲೆಯಿಂದ ಇಳಿಸಿ ತೂತಿನ ಪಾತ್ರೆಗೆ ಬಸಿಯಿರಿ. ಕೆಳಗೆ ಇಳಿದ ನೀರೇ ಕಟ್ಟು. ಅದನ್ನು ಸಾರಿಗಾಗಿ ಜೋಪಾನವಾಗಿ ಎತ್ತಿಡಿ. ಬೇಳೆಯಲ್ಲಿ ನೀರಿನ ಪಸೆ ಉಳಿಯದಂತೆ ಹತ್ತು ನಿಮಿಷವಾದರೂ ಬಸಿಯಲು ಬಿಡಬೇಕು.

ಬೇಳೆ ಪೂರ್ತಿ ಬೇಯುವ ಮುನ್ನ ಬೆಲ್ಲ ಹಾಕುವ ಆತುರ ಬೇಡ, ಏಕೆಂದರೆ ಬೆಲ್ಲ ಸೇರಿದ ಮೇಲೆ ಅರೆಬೆಂದ ಕಾಳು ಮೆತ್ತಗಾಗುವುದೇ ಕಷ್ಟ. ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ, ಮರಳು ಮತ್ತು ಕಸ ಉಳಿಯದಂತೆ ಸೋಸಿ, ದಪ್ಪ ತಳದ ಬಾಣಲೆಯಲ್ಲಿ ಬೇಳೆಯ ಜೊತೆ ಸಣ್ಣ ಉರಿಯಲ್ಲಿ ಮಗುಚುತ್ತಾ ಹೋಗಿ. ಮಿಶ್ರಣ ಬಾಣಲೆಯ ಅಂಚು ಬಿಟ್ಟು ಒಂದೆಡೆ ಸೇರತೊಡಗಿದಾಗ ಏಲಕ್ಕಿ ಪುಡಿ ಬೆರೆಸಿ ಇಳಿಸಿ. ಆರಿದ ಮೇಲೆ ನೀರು ಸೋಕಿಸದೆ ಒರಳಿನಲ್ಲೋ ಗ್ರೈಂಡರಿನಲ್ಲೋ ನುಣ್ಣಗೆ ರುಬ್ಬಬೇಕು. ಮಿಕ್ಸಿಯಾದರೆ ಸ್ವಲ್ಪ ಸ್ವಲ್ಪವೇ ಹಾಕಿ ರುಬ್ಬಿಕೊಳ್ಳಿ. ಒಂದೇ ಒಂದು ಗಟ್ಟಿ ಕಾಳು ಉಳಿದರೂ ತಟ್ಟುವಾಗ ಅದು ಕಣಕವನ್ನು ಸೀಳಿಕೊಂಡು ಹೊರಬರುತ್ತದೆ. ಹೂರಣ ಸಡಿಲವಾಗಿ ಉಂಡೆ ನಿಲ್ಲದಿದ್ದರೆ ಮತ್ತೆ ಬಾಣಲೆಗೆ ಹಾಕಿ ಮಗುಚಿದರೆ ಸರಿಹೋಗುತ್ತದೆ.

ದೊಡ್ಡ ನಿಂಬೆಹಣ್ಣಿನ ಗಾತ್ರಕ್ಕೆ ಹೂರಣದ ಉಂಡೆ ಕಟ್ಟಿ. ಅದರ ಅರ್ಧದಷ್ಟು ಕಣಕವನ್ನು ಎಣ್ಣೆ ಸವರಿದ ಬಾಳೆಲೆಯ ಮೇಲೆ ಹರಡಿ, ಹೂರಣವನ್ನು ನಡುವೆ ಇಟ್ಟು, ಅಂಚುಗಳನ್ನು ಮೇಲಕ್ಕೆ ಎಳೆದು ಮುಚ್ಚಿ, ಬೆಸುಗೆಯ ಭಾಗ ಕೆಳಗೆ ಬರುವಂತೆ ಇಟ್ಟು ಬೆರಳ ತುದಿಗಳಿಂದ ನಡುವಿನಿಂದ ಅಂಚಿನ ಕಡೆಗೆ ತಟ್ಟುತ್ತಾ ಬನ್ನಿ. ಹದವಾಗಿ ಕಾದ ಕಾವಲಿಯ ಮೇಲೆ ಎಲೆಯನ್ನು ಮಗುಚಿ ಹಾಕಿ, ಮೇಲಿನ ಎಲೆಯನ್ನು ನಿಧಾನವಾಗಿ ಬಿಡಿಸಿ. ಉರಿ ಮಧ್ಯಮವಾಗಿರಲಿ, ಉರಿ ಜೋರಾದರೆ ಬೆಲ್ಲ ಸೀದು ಕಹಿಯಾಗುತ್ತದೆ. ಎರಡೂ ಬದಿಗೆ ಎಣ್ಣೆ ಅಥವಾ ತುಪ್ಪ ಬಿಟ್ಟು ಹೊಂಬಣ್ಣದ ಚುಕ್ಕೆಗಳು ಮೂಡುವವರೆಗೆ ಬೇಯಿಸಬೇಕು.

ಧಾರವಾಡ, ಬೆಳಗಾವಿಯ ಕಡೆಗೆ ಹೋದರೆ ಇದೇ ಸಿಹಿ ಹೋಳಿಗೆಯಾಗುತ್ತದೆ. ಅಲ್ಲಿ ತೊಗರಿಯ ಬದಲು ಕಡಲೆಬೇಳೆ ಬಳಸುವುದೇ ಹೆಚ್ಚು, ಹಲವು ಮನೆಗಳಲ್ಲಿ ಗೋಧಿ ಹಿಟ್ಟಿನ ಕಣಕವನ್ನು ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ, ಬಸಿದ ನೀರಿನಿಂದ ಚಕ್ಕೆ, ಲವಂಗ ಹಾಕಿದ ಕಟ್ಟಿನ ಸಾರು ಮಾಡುತ್ತಾರೆ. ಕಡಲೆಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುವುದರಿಂದ ಅದನ್ನು ಮೊದಲೇ ನೆನೆಸಿಡುವುದು ವಾಸಿ.

ಸಾರಿಗೆ ಎತ್ತಿಟ್ಟ ಕಟ್ಟಿನೊಂದಿಗೆ ಒಂದು ಹಿಡಿ ಹೂರಣವೂ ಬೇಕು. ಒಬ್ಬಟ್ಟಿನ ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು. ಕಾಲು ಲೋಟ ತೆಂಗಿನಕಾಯಿ ತುರಿ, ಅರ್ಧ ಚಮಚ ಜೀರಿಗೆ, ಎರಡು ಚಮಚ ಸಾರಿನ ಪುಡಿ ಮತ್ತು ಆ ಹೂರಣವನ್ನು ಸೇರಿಸಿ ರುಬ್ಬಿ, ನಿಂಬೆ ಗಾತ್ರದ ಹುಣಸೆಹಣ್ಣಿನ ರಸ ಮತ್ತು ಉಪ್ಪಿನೊಡನೆ ಕಟ್ಟಿಗೆ ಹಾಕಿ, ಹಸಿ ವಾಸನೆ ಹೋಗುವವರೆಗೆ ಕುದಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಬ್ಯಾಡಗಿ ಮೆಣಸಿನಕಾಯಿ ಮತ್ತು ಕರಿಬೇವಿನ ಒಗ್ಗರಣೆ ಕೊಟ್ಟರೆ ಸಾಕು. ಹುಳಿ, ಖಾರ, ಸಿಹಿ ಮೂರೂ ನಾಲಗೆಗೆ ಬೇರೆ ಬೇರೆಯಾಗಿ ತಿಳಿಯಬೇಕು; ಸಿಹಿ ಮುಂದಾದರೆ ಇನ್ನಷ್ಟು ಹುಣಸೆ ರಸ ಸೇರಿಸಿ ಕುದಿಸಿ. ಉಳಿದ ಸಾರನ್ನು ರಾತ್ರಿ ಮತ್ತೊಮ್ಮೆ ಚೆನ್ನಾಗಿ ಕುದಿಸಿ, ಆರಿಸಿ ಫ್ರಿಜ್ಜಿನಲ್ಲಿಟ್ಟರೆ, ಮರುದಿನ ಬಿಸಿ ಅನ್ನಕ್ಕೆ ಕಲಸಿಕೊಳ್ಳುವಾಗ ಅದರ ರುಚಿ ಹಬ್ಬದ ದಿನಕ್ಕಿಂತ ಒಂದು ಕೈ ಮೇಲಾಗಿರುತ್ತದೆ.