ಜೋಳದ ಹಾಲುಗಾಳಿನಿಂದ ನ್ಯೂಕ್ಲಿಯಸ್ ತೆಗೆದದ್ದು: ನನ್ನ ಅನುಭವ

ಪುಣೆಗೆ ಬಂದು ಪಿಎಚ್‌ಡಿ ಸೇರಿದಾಗ ನನಗೆ ಸಿಕ್ಕಿದ್ದು ನಮ್ಮ ವಿಜಯಪುರದ ಕಡೆ ಬೆಳೆಯೋ ಜೋಳಾನೇ, ಮಾಲ್ದಂಡಿ, ಅಂದ್ರೆ ಎಂ 35-1 ತಳಿ. ಕಾಳು ಬಲಿಯೋವಾಗ ಅದರ ಜೀವಕೋಶಗಳ ನ್ಯೂಕ್ಲಿಯಸ್ (ಡಿಎನ್‌ಎ ಇರೋ ಭಾಗ) ಒಳಗೆ ಯಾವ್ಯಾವ ಪ್ರೋಟೀನ್ ಇರ್ತಾವೆ ಅಂತ ನೋಡೋದು ಕೆಲಸ. ಯಾವ ಜೀನ್ ಯಾವಾಗ ಆನ್ ಆಗ್ಬೇಕು ಅನ್ನೋದನ್ನ ನಡೆಸೋ ಪ್ರೋಟೀನ್‌ಗಳು ಅಲ್ಲೇ ಇರೋದು, ಆದ್ರೆ ಇಡೀ ಕಾಳು ಅರೆದು ನೋಡಿದ್ರೆ ಅವು ಕಾಣೋದೇ ಕಷ್ಟ, ಕಾಫಿರಿನ್ ಅನ್ನೋ ಶೇಖರಣೆ ಪ್ರೋಟೀನೇ ಎಲ್ಲಾನೂ ಮುಚ್ಚಿಬಿಡುತ್ತೆ.

ಮೊದಲ ತಪ್ಪು ಹೊಲದಲ್ಲೇ ಆಯ್ತು. ಹೂ ಬಿಟ್ಟ ದಿನ ಬರೆದಿಟ್ಟು 10ನೇ ದಿನಕ್ಕೆ ಇಡೀ ತೆನೆ ಕೊಯ್ದು ತಂದೆ. ರಾತ್ರಿ ಫೋನಲ್ಲಿ ಹೇಳಿದ್ರೆ ಅವ್ವ, "ಅಲ್ಲವ್ವಾ, ಸೀತನಿ ತಿನ್ನೂ ಮುಂದ ನೋಡಿಲ್ಲೇನ, ತುದಿ ಕಾಳ ಬಲತಿರತಾವ, ಬುಡದ್ವು ಇನ್ನಾ ಹಾಲ ಇರತಾವ" ಅಂದ್ಲು (ಸೀತನಿ ಅಂದ್ರೆ ಸುಟ್ಟು ತಿನ್ನೋ ಎಳೆ ಜೋಳ). ಹೌದಲ್ಲ, ಜೋಳ ತುದಿಯಿಂದ ಕೆಳಗೆ ಹೂ ಬಿಡ್ತಾ ಬರುತ್ತೆ, ಹಂಗಾಗಿ ಒಂದೇ ತೆನೆಯಲ್ಲಿ ಕಾಳುಗಳ ವಯಸ್ಸು ಎಷ್ಟೋ ದಿನ ಹಿಂದೆಮುಂದೆ. ಆಮೇಲಿಂದ ತೆನೆ ನಡುವಿನ ಕವಲಿಗೆ, ಅದು ಹೂ ಬಿಟ್ಟ ದಿನವೇ ಬಣ್ಣದ ದಾರ ಕಟ್ಟಿ, ಆ ಕವಲಿನ ಕಾಳು ಮಾತ್ರ ತಗೊಂಡೆ.

ಲ್ಯಾಬಲ್ಲಿ ನಿಜವಾದ ಕಷ್ಟ ಅಂದ್ರೆ ಪಿಷ್ಟ. ಕಾಳು ಹಿಚುಕಿ ಹಾಲು ತೆಗೆದು, ಐಸ್ ಮೇಲಿಟ್ಟ ಪೆಟ್ರಿ ಡಿಶ್‌ನಲ್ಲಿ ಬಫರ್ ಹಾಕಿ ಹೊಸ ಬ್ಲೇಡಿನಿಂದ ಕೊಚ್ಚಿ, ನೈಲಾನ್ ಜಾಲರಿಯಲ್ಲಿ ಸೋಸಿ ಸೆಂಟ್ರಿಫ್ಯೂಜ್ ಮಾಡಿದೆ, ಟ್ಯೂಬ್ ತಳದಲ್ಲಿ ಬೆಳ್ಳಗೆ ದೊಡ್ಡ ಗಟ್ಟಿ ಕೂತಿತ್ತು, ಎಷ್ಟು ಖುಷಿ ಆಯ್ತು ಅಂದ್ರೆ! ಡಿಎನ್‌ಎಗೆ ಅಂಟೋ ಡ್ಯಾಪಿ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ನೀಲಿ ಹೊಳೆಯೋ ನ್ಯೂಕ್ಲಿಯಸ್ ಅಲ್ಲೊಂದು ಇಲ್ಲೊಂದು. ಪೋಲರೈಸ್ಡ್ ಬೆಳಕಲ್ಲಿ ನೋಡಿದಾಗ ಫೀಲ್ಡ್ ತುಂಬಾ ಪಿಷ್ಟದ ಹರಳು, ಒಂದೊಂದರ ಮೇಲೂ ಕಪ್ಪು ಪ್ಲಸ್ ಗುರುತು. ಹರಳೂ ನ್ಯೂಕ್ಲಿಯಸ್ಸೂ ಗಾತ್ರದಲ್ಲಿ ಹತ್ತಿರಹತ್ತಿರ, ಸೋಸಿದ್ರೆ ಬೇರೆ ಆಗಲ್ಲ. ಆದ್ರೆ ಪಿಷ್ಟ ತುಂಬಾ ಭಾರ, ಅದಕ್ಕೆ ಪರ್ಕಾಲ್ ಅನ್ನೋ ಸಾಂದ್ರ ದ್ರವದ ಪದರದ ಮೇಲೆ ಸುರಿದು ತಿರುಗಿಸಿದೆ. ಪಿಷ್ಟ ಸೀದಾ ತಳಕ್ಕೆ ಹೋಯ್ತು, ನ್ಯೂಕ್ಲಿಯಸ್ ನಡುವೆ ತೆಳ್ಳಗೆ ಮಂಜಿನ ಪಟ್ಟಿ ಥರ ನಿಂತ್ವು. ಬಾಯಗಲ ಇರೋ ಟಿಪ್ಪಿನಿಂದ ನಿಧಾನ ಎಳ್ಕೋಬೇಕು, ಅವಸರ ಮಾಡಿದ್ರೆ ಒಡೆದು ಡಿಎನ್‌ಎ ಅಂಟು ಅಂಟಾಗುತ್ತೆ.

ಶುದ್ಧ ಬಂತಾ ಅಂತ ತಿಳಿಯೋಕೆ ನನಗೆ ಎಲ್ಲಕ್ಕಿಂತ ನಂಬಿಕೆ ಫ್ಲೋ ಸೈಟೋಮೀಟರ್ ಮೇಲೆ, ಒಂದೊಂದು ನ್ಯೂಕ್ಲಿಯಸ್‌ನಲ್ಲೂ ಡಿಎನ್‌ಎ ಎಷ್ಟಿದೆ ಅಂತ ಅಳೆಯೋ ಯಂತ್ರ ಅದು. ಎಂಡೋಸ್ಪರ್ಮ್‌ನಲ್ಲಿ, ಅಂದ್ರೆ ಕಾಳಿನ ಒಳಗಿನ ಪಿಷ್ಟ ತುಂಬಿರೋ ತಿರುಳಲ್ಲಿ, ತಾಯಿದು ಎರಡು ಪಾಲು, ತಂದೆದು ಒಂದು, ಜೋಳದ ಗಿಡಕ್ಕೆ 20 ಕ್ರೋಮೋಸೋಮ್ ಆದ್ರೆ ಇಲ್ಲಿ 30. ಹಂಗಾಗಿ ಗ್ರಾಫ್‌ನಲ್ಲಿ ಡಿಎನ್‌ಎ ಪಾಲಿನ ಲೆಕ್ಕದಲ್ಲಿ 3, ಅದು ದುಪ್ಪಟ್ಟಾಗ್ತಾ ಹೋದಂಗೆ 6, 12 ಅಂತ ಶಿಖರ ಬರ್ಬೇಕು. 2 ಹತ್ರ ಶಿಖರ ಎದ್ರೆ ಸಿಪ್ಪೆನೋ ಭ್ರೂಣಾನೋ ಸೇರಿದೆ ಅಂತಲೇ ಲೆಕ್ಕ, ಆ ಸ್ಯಾಂಪಲ್ ನಾನು ಮುಂದೆ ಕಳಿಸಲ್ಲ. ಪ್ರೋಟೀನ್ ಗುರುತಿಸೋ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ನ್ಯೂಕ್ಲಿಯಸ್‌ನ ಗುರುತಾದ ಹಿಸ್ಟೋನ್ ಎಚ್3 ಪ್ರೋಟೀನ್ ಗಟ್ಟಿಯಾಗಿ ಬಂತು, ಕಾಫಿರಿನ್ ಪಟ್ಟಿ ಮಾತ್ರ ಪೂರ್ತಿ ಹೋಗಿರ್ಲಿಲ್ಲ, ಇನ್ನೆರಡು ಸಲ ತೊಳೆದ ಮೇಲೆ ತೆಳುವಾಯ್ತು.

10ನೇ ದಿನದ್ದು ಯಾವ್ಯಾವ ಪ್ರೋಟೀನ್ ಇವೆ ಅಂತ ಗುರುತಿಸೋ ಮಾಸ್ ಸ್ಪೆಕ್ ಯಂತ್ರಕ್ಕೆ ಹೋಯ್ತು. 20ನೇ ದಿನದ ಕಾಳಲ್ಲಿ ಪಿಷ್ಟ ಎಷ್ಟು ಅಂದ್ರೆ ಬಿಳಿ ಗಟ್ಟಿ ಮಂಜಿನ ಪಟ್ಟಿ ತನಕ ಏರಿಬಿಡುತ್ತೆ, ಈಗ ಟ್ಯೂಬಿಗೆ ಕಾಳು ಅರ್ಧ ಕಡಿಮೆ ಹಾಕಿ ನೋಡ್ತಾ ಇದ್ದೀನಿ.