35 ರೂಪಾಯಿಯ ಬಾಡಿಗೆ ಬಿಟ್ಟವನಿಗೇ ನಷ್ಟ

ಮಂಗಳೂರಿನ ನಮ್ಮ ರಿಕ್ಷಾ ಪಾರ್ಕಿನಲ್ಲಿ, ಅಂದರೆ ಸ್ಟ್ಯಾಂಡಿನಲ್ಲಿ, ನನ್ನ ಹೆಸರು 'ಮೂವತ್ತೈದು'. ಜ್ಯೋತಿಯಿಂದ ಹಂಪನಕಟ್ಟೆ, ಕಂಕನಾಡಿಯಿಂದ ಬೆಂದೂರ್‌ವೆಲ್, ಹೀಗೆ ಯಾರಿಗೂ ಬೇಡದ ಗಿಡ್ಡ ಬಾಡಿಗೆಗಳನ್ನು ನಾನು ಹತ್ತಿಸಿಕೊಳ್ಳುತ್ತಿದ್ದೆ. "ನಿನಗೆ ಮರ್ಲಾ (ಹುಚ್ಚಾ) ಮಾರಾಯ?" ಎಂದು ಕೇಳಿದವರೇ ಈಗ ನನ್ನ ಲೆಕ್ಕದ ಪುಸ್ತಕ ನೋಡಬೇಕು ಅನ್ನುತ್ತಾರೆ.

ರೇಟು ನಮ್ಮ ಕೈಯಲ್ಲಿಲ್ಲ. 2022ರ ಕೊನೆಗೆ ನಮ್ಮ ಜಿಲ್ಲೆಯಲ್ಲಿ ಮೊದಲ ಒಂದೂವರೆ ಕಿಲೋಮೀಟರಿಗೆ 35, ಆಮೇಲೆ ಕಿಲೋಮೀಟರಿಗೆ 20 ಎಂದು ಮಾಡಿದರು. ಗ್ಯಾಸು ಏರಿದರೂ ಟಯರು ಏರಿದರೂ ಮೀಟರು ಏರುವುದಿಲ್ಲ. ಜಾಸ್ತಿ ಕೇಳಿ ಪಾರ್ಕಿನಲ್ಲೇ ಕೂತು ಮಧ್ಯಾಹ್ನ ಮಾಡುವವರನ್ನು ದಿನಾ ನೋಡುತ್ತೇನೆ. ನಮ್ಮ ಕೈಯಲ್ಲಿ ಉಳಿದಿರುವುದು ಖರ್ಚು ಒಂದೇ.

ಮೊದಲ ವರ್ಷ ನಾನು ಖರ್ಚನ್ನೇ ತಪ್ಪು ಹಿಡಿದಿದ್ದೆ. ರಿಕ್ಷಾ ಸಾಲದ ಕಂತು, ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟು) ಎಲ್ಲ ಸೇರಿ ದಿನಕ್ಕೆ ಸುಮಾರು 400. ದಿನಕ್ಕೆ 80 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 5. ಸಿಎನ್‌ಜಿ, ಆಯಿಲ್, ಟಯರು ಸವೆದದ್ದು ಸೇರಿ ಇನ್ನೊಂದು 4. ಒಟ್ಟು 9. ಅದಕ್ಕಿಂತ ಕಡಿಮೆ ಬಿದ್ದರೆ ಬಾಡಿಗೆ ಬೇಡ ಎಂದು ಹಟ ಹಿಡಿದೆ. ಒಂದು ದಿನ ಸುರತ್ಕಲ್‌ನಲ್ಲಿ ಜನ ಇಳಿಸಿ ವಾಪಸು ಹೊರಟಾಗ ಇಬ್ಬರು ಹುಡುಗರು ಹಂಪನಕಟ್ಟೆಗೆ 120 ಕೊಡುತ್ತೇವೆ ಅಂದರು. 16 ಕಿಲೋಮೀಟರ್, ನನ್ನ ಲೆಕ್ಕದಲ್ಲಿ 144. 24 ನಷ್ಟ! ಬೇಡ ಎಂದು ಖಾಲಿ ಬಂದೆ.

ಇದನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳಿದೆ. ಮಗಳು ಬಿ.ಕಾಂ. ಮೊದಲ ವರ್ಷ. "ಪಪ್ಪಾ, ರಿಕ್ಷಾ ಓಡಿಸದಿದ್ರೂ ಕಂತು ಕಟ್ಟುದೇ ಅಲ್ವಾ? ಮತ್ತೆ ಅದನ್ನು ಆ ಹುಡುಗರ ತಲೆಗೆ ಯಾಕೆ ಕಟ್ಟಿದ್ದು?" ಅಂದಳು. ಹೇಗೂ ವಾಪಸು ಬರಲೇಬೇಕಿತ್ತು. ಗ್ಯಾಸು ಹೇಗೂ ಸುಡುತ್ತಿತ್ತು. 120ಕ್ಕೆ 120 ಕೈಬಿಟ್ಟಿದ್ದೆ. ಆ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಪುಸ್ತಕದಲ್ಲಿ ಕಂತಿಗೆ ಬೇರೆ ಪುಟ. ಬಾಡಿಗೆಯ ಪುಟದಲ್ಲಿ ಬರೀ ಆ 4 ರೂಪಾಯಿ ಮತ್ತು ಹಿಡಿದ ಹೊತ್ತು. 5 ಕಿಲೋಮೀಟರಿನ ಬಾಡಿಗೆಗೆ 105 ಸಿಗುತ್ತದೆ. ಖಾಲಿ ಬಂದದ್ದು ಸೇರಿ 40 ಹೋಗಿ 65 ಉಳಿಯುತ್ತದೆ, ನಮ್ಮ ಟ್ರಾಫಿಕ್ಕಿನಲ್ಲಿ 50 ನಿಮಿಷ ಬೇಕು. ಗಿಡ್ಡ ಬಾಡಿಗೆಯಲ್ಲಿ 35ಕ್ಕೆ 12 ಹೋಗಿ 23, ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಗಂಟೆಗೆ ನೋಡಿದರೆ ಅಲ್ಲಿ 78, ಇಲ್ಲಿ 92. ಮೀಟರಿನ ಮೊದಲ ಒಂದೂವರೆ ಕಿಲೋಮೀಟರೇ ತುಪ್ಪ, ಮುಂದಿನದು ಮಜ್ಜಿಗೆ. ಇಳಿಸಿದಲ್ಲೇ ಇನ್ನೊಬ್ಬರು ಸಿಕ್ಕಿದರೆ ಖಾಲಿ ಬರುವುದೂ ಇಲ್ಲ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಬೆಳಿಗ್ಗೆ ದಕ್ಕೆಯಿಂದ (ಮೀನಿನ ದೋಣಿ ಬರುವ ಕಡೆಯಿಂದ) ಮೀನಿನ ಬುಟ್ಟಿ ಹಾಕಿಸಿಕೊಂಡೆ. ದುಡ್ಡು ಚೆನ್ನಾಗಿತ್ತು. ಆದರೆ ಎಷ್ಟು ತೊಳೆದರೂ 9 ಗಂಟೆಯ ಆಫೀಸಿನವರು ಮೂಗು ಮುಚ್ಚಿಕೊಂಡು ಮುಂದಿನ ರಿಕ್ಷಾಕ್ಕೆ ಹೋದರು. ಭಾವನ ಬ್ಯಾಟರಿ ರಿಕ್ಷಾ ಒಂದು ವಾರ ಓಡಿಸಿದೆ. ಬ್ಯಾಟರಿ ಗಾಡಿಗೆ ಪರ್ಮಿಟ್ ಬೇಡ ಎಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಓಡಿಸುವ ಖರ್ಚು ಕಿಲೋಮೀಟರಿಗೆ ಒಂದೂವರೆ ಬಂದಿರಬೇಕು. ಮೀಟರು ಇಬ್ಬರಿಗೂ ಒಂದೇ, ಹಾಗಾಗಿ ಉಳಿದದ್ದೆಲ್ಲ ಅವನಿಗೆ. ಆದರೆ ಕದ್ರಿ ಗುಡ್ಡೆಯಲ್ಲಿ ಮೂರು ಜನ ಹತ್ತಿದ ಮೇಲೆ ಚಾರ್ಜು ಇಳಿದ ರೀತಿ ನೋಡಿ ಸಾಕೆನಿಸಿತು. ಅದರ ಕಂತೂ ಜಾಸ್ತಿ.

ಮೊದಲು ಗ್ಯಾಸು ಕಳೆದು ದಿನಕ್ಕೆ 700 ಉಳಿಯುತ್ತಿತ್ತು. ಈಗ 1,050ರ ಆಸುಪಾಸು, ಶನಿವಾರ ಸ್ವಲ್ಪ ಜಾಸ್ತಿ. ಮಳೆಗಾಲದ ಲೆಕ್ಕ ಬೇರೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. 9ರಿಂದ ಹತ್ತೂವರೆಯ ತನಕ ಎಲ್ಲಿ ನಿಲ್ಲುತ್ತೇನೆ ಎಂದೂ ಕೇಳಬೇಡಿ. ಹೋದ ತಿಂಗಳು ಒಬ್ಬನಿಗೆ ಬಾಯಿತಪ್ಪಿ ಹೇಳಿದೆ, ಈಗ ಅಲ್ಲಿ ನನಗಿಂತ ಮೊದಲೇ ಮೂರು ರಿಕ್ಷಾ ಇರುತ್ತವೆ.