ರೋಬೋಟ್ ಇಲ್ಲದೆ ಎಐ ಆಳ್ವಿಕೆಯ ಸಿನಿಮಾ ಮಾಡಿದ ಕತೆ

ಎಐ ಆಳ್ವಿಕೆಯ ಬಗ್ಗೆ ಸಿನಿಮಾ ಮಾಡ್ತಿದ್ದೇವೆ ಅಂದಾಗ ಎಲ್ಲರೂ ಮೊದಲು ಕೇಳಿದ್ದು ಗ್ರಾಫಿಕ್ಸ್ ವಿಚಾರ. ರೋಬೋಟ್ ಎಲ್ಲಿಂದ ತರ್ತೀರಿ, ಹಾರುವ ಕಾರು ಯಾರು ಮಾಡಿಕೊಡ್ತಾರೆ ಅಂತ. ನಮ್ಮ ಹತ್ತಿರ ಇದ್ದದ್ದು ಒಂದು ಕ್ಯಾಮೆರಾ, ಬಾಡಿಗೆಗೆ ತಂದ ಲೆನ್ಸುಗಳು, ಸಾಗರದ ಕಡೆ ಪರಿಚಯದವರೊಬ್ಬರ ಬಾಗಿಲು ಮುಚ್ಚಿದ ರೈಸ್ ಮಿಲ್. ಅಷ್ಟೇ. ಹಾಗಾಗಿ ಶುರುವಿನಲ್ಲೇ ತೀರ್ಮಾನ ಮಾಡಿಬಿಟ್ಟೆವು: ಆಳುವ ಯಂತ್ರವನ್ನು ತೋರಿಸುವುದೇ ಬೇಡ. ಅದು ಹೇಗೆ ಲೆಕ್ಕ ಹಾಕುತ್ತದೆ ಅನ್ನುವುದನ್ನು ಮಾತ್ರ ತೋರಿಸೋಣ.

ದುಡ್ಡಿಲ್ಲದವರ ಜಾಣತನ ಇದು ಅಂತ ಅನ್ನಿಸಬಹುದು. ಆದರೆ 1965ರಲ್ಲೇ ಫ್ರೆಂಚ್ ನಿರ್ದೇಶಕ ಗೊಡಾರ್ ತಮ್ಮ ‘ಆಲ್ಫಾವಿಲ್’ ಸಿನಿಮಾಕ್ಕೆ ಒಂದು ಸೆಟ್ ಕೂಡ ಹಾಕಿರಲಿಲ್ಲ. ಕಂಪ್ಯೂಟರ್ ಆಳುವ ಊರು ಅಂತ ತೋರಿಸಿದ್ದು ಆಗಿನ ಪ್ಯಾರಿಸನ್ನೇ, ಹೆಚ್ಚಾಗಿ ರಾತ್ರಿ ಹೊತ್ತು. ಕಂಪ್ಯೂಟರಿನ ದನಿ, ಗಂಟಲಿಗೆ ಯಂತ್ರ ಇಟ್ಟುಕೊಂಡು ಮಾತಾಡಬೇಕಾದ ಒಬ್ಬ ಮನುಷ್ಯನದು. ಪ್ಯಾರಿಸ್ ಸಾಕಾಗುತ್ತೆ ಅಂದ್ರೆ ನಮ್ಮ ತಾಲ್ಲೂಕು ಯಾಕೆ ಸಾಕಾಗಲ್ಲ?

ಕತೆಗೆ ಬೀಜ ಸಿಕ್ಕಿದ್ದು ಆಸ್ಟ್ರೇಲಿಯಾದಿಂದ. ಅಲ್ಲಿ ‘ರೋಬೋಡೆಟ್’ ಅಂತ ಒಂದು ದೊಡ್ಡ ಹಗರಣ ಆಗಿತ್ತು. ಸರ್ಕಾರದ ನೆರವು ಪಡೆದವರ ವರ್ಷದ ಆದಾಯವನ್ನು ಕಂಪ್ಯೂಟರ್ 26 ಸಮಭಾಗ ಮಾಡುತ್ತಿತ್ತು. ಎರಡೆರಡು ವಾರಕ್ಕೆ ಒಂದು ಭಾಗ. ಒಬ್ಬ ಹುಡುಗ ಆರು ತಿಂಗಳು ಕೆಲಸ ಇಲ್ಲದೆ ನೆರವು ಪಡೆದು, ಇನ್ನಾರು ತಿಂಗಳು ದುಡಿದ ಅಂದುಕೊಳ್ಳಿ. ಯಂತ್ರದ ಲೆಕ್ಕದಲ್ಲಿ ಅವನು ವರ್ಷಪೂರ್ತಿ ದುಡಿದವನು! ಹಾಗಾದರೆ ನೆರವು ತಗೊಂಡಿದ್ದು ತಪ್ಪು, ವಾಪಸ್ ಕೊಡು ಅಂತ ನೋಟಿಸ್. ತಪ್ಪಿಲ್ಲ ಅಂತ ಸಾಬೀತು ಮಾಡುವ ಹೊಣೆ ಅವನ ಮೇಲೆಯೇ. ಇದು ಕಾನೂನಿಗೆ ವಿರುದ್ಧ ಅಂತ ಆಮೇಲೆ ತೀರ್ಮಾನವಾಯಿತು, 2023ರಲ್ಲಿ ರಾಯಲ್ ಕಮಿಷನ್ ಅನ್ನುವ ತನಿಖಾ ಆಯೋಗದ ವರದಿಯೂ ಬಂತು. ನೋಡಿ, ಇದರಲ್ಲಿ ಎಐ ಕೂಡ ಇಲ್ಲ. ಬರೀ ಭಾಗಾಕಾರ. ನನಗೆ ಹೆದರಿಕೆ ಆಗಿದ್ದೇ ಅದಕ್ಕೆ.

ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಭತ್ಯೆ ವಿಷಯದಲ್ಲೂ ಇಂಥದ್ದೇ ಅನ್ಯಾಯ ಆಗಿ, ಸಾವಿರಾರು ಕುಟುಂಬಗಳಿಗೆ ಮೋಸಗಾರರು ಅನ್ನುವ ಪಟ್ಟ ಬಂದು, 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ಆಸ್ಟ್ರೇಲಿಯಾದ ಆ ಭಾಗಾಕಾರವನ್ನು ಮಲೆನಾಡಿಗೆ ತಂದೆ. ನಮ್ಮ ಸಿನಿಮಾದ ಹೆಂಗಸು ಅಡಿಕೆ ಸುಲಿಯುವವಳು. ಸುಗ್ಗಿಯಲ್ಲಿ ರಾತ್ರಿ ಹಗಲು ಕೆಲಸ, ಕೈತುಂಬ ದುಡ್ಡು. ಮಳೆಗಾಲದಲ್ಲಿ ಸೊನ್ನೆ. ಮುಂದೆಂದೋ ಬರುವ ಒಂದು ಕಾಲದಲ್ಲಿ ಅನ್ನ, ಔಷಧಿ, ಬಸ್ಸು ಎಲ್ಲವನ್ನೂ ಒಂದೇ ಯಂತ್ರ ಹಂಚುತ್ತದೆ. ಅದು ಇವಳ ಸುಗ್ಗಿಯ ದುಡಿಮೆಯನ್ನು ಹನ್ನೆರಡು ತಿಂಗಳಿಗೆ ಹರಡಿ, ಆಷಾಢದಲ್ಲೂ ನಿನಗೆ ಆದಾಯ ಇದೆ ಅಂತ ಅವಳ ಪಾಲು ಕಟ್ ಮಾಡುತ್ತದೆ. ಇಡೀ ಸಿನಿಮಾ ಅವಳು ‘ಯಾಕೆ’ ಅಂತ ಕೇಳುವುದು, ಅಷ್ಟೇ. ಕೌಂಟರ್‌ನಲ್ಲಿ ಕೂತವನು ಕೆಟ್ಟವನಲ್ಲ. ಅವನಿಗೂ ಗೊತ್ತಿಲ್ಲ.

“ಯಾಕ್ ತಮ್ಮ, ನಂದೊಂದೇ ಕಟ್ಟಾಗಿರದು?”

“ನಂಗೆ ಕಾಣ್ಸದೇ ಇಷ್ಟಮ್ಮ. ಇಲ್ಲ ಅಂತ ಬಂದಿದೆ, ಯಾಕೆ ಅಂತ ಬರಲ್ಲ.”

ಈ ಮಾತು ನಾನು ಬರೆದದ್ದಲ್ಲ. ಕೌಂಟರ್‌ನವನ ಪಾತ್ರ ಮಾಡಿದ ಹುಡುಗ ನಿಜವಾಗಿಯೂ ಇಂಥದ್ದೇ ಕೆಲಸದಲ್ಲಿದ್ದವನು. ರಿಹರ್ಸಲ್‌ನಲ್ಲಿ ಸುಮ್ನೆ ಹೇಳಿದ, ಹಾಗೇ ಇಟ್ಟುಕೊಂಡೆವು.

ಮಾತಿಗಿಂತ ಜಾಸ್ತಿ ಕೆಲಸ ಮಾಡಿದ್ದು ಹೆಬ್ಬೆರಳು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದವರ ಕೈ ನೋಡಿದ್ದೀರಲ್ವಾ? ಚೊಗರು ಹತ್ತಿ ಕಪ್ಪಾಗಿರುತ್ತದೆ, ಬೆರಳಿನ ಗೆರೆಯೇ ಸವೆದಿರುತ್ತದೆ. ಆ ಬೆರಳನ್ನು ಗಾಜಿನ ಮೇಲೆ ಒತ್ತಿದರೆ ಯಂತ್ರಕ್ಕೆ ಗುರುತು ಸಿಗಲ್ಲ. ನಟಿಗೆ ಮೇಕಪ್ ಮಾಡಿ ನೋಡಿದೆವು, ತೀರಾ ಹತ್ತಿರದಿಂದ ತೋರಿಸುವ ಮ್ಯಾಕ್ರೋ ಲೆನ್ಸ್‌ನಲ್ಲಿ ಬಣ್ಣ ಬಣ್ಣದ ಹಾಗೇ ಕಂಡಿತು. ಕೊನೆಗೆ ನಿಜವಾಗಿ ಸುಲಿಯುವ ಒಬ್ಬ ಅಕ್ಕನ ಕೈಯನ್ನೇ ಶೂಟ್ ಮಾಡಿದೆವು. ಅವರು ಸೀರೆ ಸೆರಗಿಗೆ ಬೆರಳು ಒರೆಸಿ, ಉಫ್ ಅಂತ ಊದಿ, ಮತ್ತೆ ಒತ್ತಿದರು. ನಾವು ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಎಡಿಟಿಂಗ್‌ನಲ್ಲಿ ಆ ಶಾಟನ್ನು ಕತ್ತರಿಸಲು ಕೈ ಬರಲಿಲ್ಲ.

ಈಗ ಟೆಕ್ನಿಕಲ್ ವಿಷಯ. ರೈಸ್ ಮಿಲ್ಲನ್ನು ಹಂಚಿಕೆ ಕೇಂದ್ರ ಮಾಡಿದೆವು. ಅಲ್ಲಿ ಹಳೇ ಚೋಕಿನ ಟ್ಯೂಬ್‌ಲೈಟ್‌ಗಳು. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಅದರ ಜೊತೆ ಬೆಳಕೂ ಮಿಣುಕುತ್ತದೆ. ಹಾಗಾಗಿ ಕ್ಯಾಮೆರಾದ ಶಟರ್ ಸೆಕೆಂಡಿನ 1/50ರಲ್ಲಿ ಇಟ್ಟರೆ ಮಿಣುಕು ಕಾಣುವುದಿಲ್ಲ, 1/60 ಇಟ್ಟರೆ ಚಿತ್ರದ ಮೇಲೆ ಪಟ್ಟೆ ಓಡುತ್ತದೆ. ಇದು ಕ್ಯಾಮೆರಾ ಹಿಡಿದವರಿಗೆಲ್ಲ ಗೊತ್ತಿರುವ ವಿಷಯ. ನಮ್ಮನ್ನು ಕಾಡಿದ್ದು ಟೋಕನ್ ನಂಬರ್ ತೋರಿಸುವ ಎಲ್‌ಇಡಿ ಬೋರ್ಡ್. ಕಣ್ಣಿಗೆ 348 ಅಂತ ಚೆನ್ನಾಗಿ ಕಾಣುತ್ತದೆ, ಕ್ಯಾಮೆರಾದಲ್ಲಿ ನೋಡಿದರೆ ಮಧ್ಯದ ಅಂಕಿಯೇ ಮಾಯ! ಇಂಥ ಅಗ್ಗದ ಬೋರ್ಡ್‌ನಲ್ಲಿ ಅಂಕಿಗಳು ಒಟ್ಟಿಗೆ ಹೊತ್ತಿಕೊಂಡಿರುವುದಿಲ್ಲ, ಒಂದಾದ ಮೇಲೊಂದು ಹೊತ್ತಿ ಆರುತ್ತಿರುತ್ತವೆ. ನಮ್ಮ ಕಣ್ಣಿಗೆ ಆ ವೇಗ ತಿಳಿಯಲ್ಲ, ಶಟರ್‌ಗೆ ತಿಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಬ್ಬ ರಿಪೇರಿಯವರು ಪ್ರತಿ ಅಂಕಿಗೂ ಬೇರೆ ಬೇರೆ ವೈರ್ ಕೊಟ್ಟು, ಎಲ್ಲವೂ ಸದಾ ಹೊತ್ತಿರುವ ಹಾಗೆ ಮಾಡಿಕೊಟ್ಟರು. ನಂಬರ್ ಬದಲಿಸಲು ಪರದೆ ಹಿಂದೆ ಒಬ್ಬ ಹುಡುಗ ಸ್ವಿಚ್ ಒತ್ತುತ್ತಿದ್ದ. ನಮ್ಮ ಮಹಾಯಂತ್ರದ ಮಿದುಳು ಅವನೇ.

ಇನ್ನೊಂದು ಮಾತು. ಎಡಿಟಿಂಗ್, ಕಲರ್ ಎರಡನ್ನೂ ಡಾವಿಂಚಿ ರಿಸಾಲ್ವ್ ಅನ್ನುವ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲೇ ಮಾಡಿದೆವು. ಆದರೆ ಅದರಲ್ಲಿ ಚಿತ್ರದ ನಾಯ್ಸ್, ಅಂದರೆ ಬೆಳಕು ಕಡಿಮೆಯಾದಾಗ ಚಿತ್ರದ ಮೇಲೆ ಕಾಣುವ ಕಾಳು ಕಾಳು, ತೆಗೆಯುವ ಸೌಲಭ್ಯ ಇಲ್ಲ, ಅದು ದುಡ್ಡು ಕೊಟ್ಟು ತಗೊಳ್ಳುವ ಆವೃತ್ತಿಗೆ ಮಾತ್ರ. ಅದಕ್ಕೇ ಕತ್ತಲ ದೃಶ್ಯಕ್ಕೂ ಸಾಕಷ್ಟು ಬೆಳಕು ಕೊಟ್ಟು ಶೂಟ್ ಮಾಡಿ, ಆಮೇಲೆ ಕತ್ತಲು ಮಾಡಿಕೊಂಡೆವು.

ಯಂತ್ರದ ದನಿಗೆ ಜಾಸ್ತಿ ತಲೆ ಕೆಡಿಸಿಕೊಂಡೆವು. ಕಂಪ್ಯೂಟರ್‌ನಿಂದಲೇ ಓದಿಸಿ ನೋಡಿದರೆ ಬಸ್‌ಸ್ಟ್ಯಾಂಡ್ ಅನೌನ್ಸ್‌ಮೆಂಟ್ ಕೇಳಿದಂತಾಯಿತು, ಜನ ನಕ್ಕರು. ಒಬ್ಬ ರಂಗನಟಿಯಿಂದ ಓದಿಸಿದೆವು. ಬ್ಯಾಂಕಿನಲ್ಲಿ ಒಳ್ಳೆಯ ಮನಸ್ಸಿನವರು ಮಾತಾಡುವ ಹಾಗೆ, ಮೆತ್ತಗೆ. ಆಮೇಲೆ ವಾಕ್ಯ ವಾಕ್ಯದ ನಡುವೆ ಅವರು ಉಸಿರು ಎಳೆದುಕೊಂಡದ್ದನ್ನೆಲ್ಲ ಕತ್ತರಿಸಿದೆ. ಬರೀ ಕತ್ತರಿಸಿದರೆ ಆ ಜಾಗ ಸತ್ತಂತೆ ಕೇಳುತ್ತದೆ, ಕಿವಿ ತಕ್ಷಣ ಹಿಡಿಯುತ್ತದೆ. ಅದಕ್ಕೆ ಅದೇ ಕೋಣೆಯ ಮೌನವನ್ನು ಬೇರೆ ರೆಕಾರ್ಡ್ ಮಾಡಿಟ್ಟುಕೊಂಡು ಕೆಳಗೆ ಹಾಸಿದೆ. ಈಗ ದನಿ ಪೂರ್ತಿ ಮನುಷ್ಯರದೇ, ಆದರೆ ಎಷ್ಟೇ ಹೊತ್ತು ಮಾತಾಡಿದರೂ ಉಸಿರು ತೆಗೆದುಕೊಳ್ಳುವುದಿಲ್ಲ. ಏನು ಸರಿಯಿಲ್ಲ ಅಂತ ನೋಡುವವರಿಗೆ ಹೇಳಲು ಬರಲ್ಲ, ಆದರೆ ಕುರ್ಚಿಯಲ್ಲಿ ಮಿಸುಕಾಡುತ್ತಾರೆ.

ಮಳೆ ಮಾತ್ರ ನಮ್ಮನ್ನು ಹಣ್ಣು ಮಾಡಿತು. ಕತೆಗೆ ಮಳೆಗಾಲವೇ ಬೇಕು, ಮಿಲ್ಲಿಗೆ ತಗಡಿನ ಶೀಟು. ಜೋರಾಗಿ ಸುರಿದರೆ ಪಕ್ಕದವರ ಮಾತೂ ಕೇಳಲ್ಲ. ಕೆಲವು ದೃಶ್ಯಗಳಿಗೆ ಡಬ್ಬಿಂಗ್ ಮಾಡಲೇಬೇಕಾಯಿತು. ಕೆಲವು ಕಡೆ ಮಾತನ್ನೇ ತೆಗೆದೆವು, ಕ್ಯೂನಲ್ಲಿ ನಿಂತ ಜನ ಮಾತ್ರ ಉಳಿದರು. ಅದೇ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ, ಕ್ಯಾಮೆರಾಮನ್ ಈಗಲೂ ಒಪ್ಪಲ್ಲ. ದುಡ್ಡು ಹೆಚ್ಚು ಹೋಗಿದ್ದು ಊಟಕ್ಕೆ, ಗಾಡಿಗೆ, ಆಮೇಲೆ ಸೌಂಡಿಗೆ. ಕಡಿಮೆ ಬಜೆಟ್‌ನಲ್ಲಿ ಇಂಥ ಕತೆ ಮಾಡುವವರು ಲೆನ್ಸ್ ಬಾಡಿಗೆ ಉಳಿಸಿ ಒಳ್ಳೆಯ ಸೌಂಡ್ ರೆಕಾರ್ಡಿಸ್ಟ್ ಹಿಡಿಯಿರಿ ಅಂತಲೇ ನಾನು ಹೇಳುವುದು.

ನೀವೇ ಎಐ ಬಳಸಿದ್ರಾ ಅಂತ ಎಲ್ಲ ಕಡೆ ಕೇಳುತ್ತಾರೆ. ಬಳಸಿದೆವು. ಡಬ್ ಮಾಡದ ಕಡೆ ಮಾತಿನ ಹಿಂದಿನ ಮಳೆ ಸದ್ದು ತಗ್ಗಿಸಲು ಅದೇ ನೆರವಾಯಿತು. ಮುಖ, ಜಾಗ ಯಾವುದನ್ನೂ ಅದರಿಂದ ಮಾಡಿಸಲಿಲ್ಲ, ಮಾಡಿಸುವ ಆಸೆಯೂ ಇರಲಿಲ್ಲ. ಸಬ್‌ಟೈಟಲ್‌ಗೆ ಮಾತನ್ನು ತಾನಾಗೇ ಬರೆದುಕೊಳ್ಳುವ ಆ್ಯಪ್‌ಗೆ ಹಾಕಿ ನೋಡಿದೆವು. ಯಂತ್ರದ ದನಿಯ ಮಾತನ್ನು ಒಂದಕ್ಷರ ತಪ್ಪಿಲ್ಲದೆ ಬರೆದುಕೊಟ್ಟಿತು. ಅಡಿಕೆ ಸುಲಿಯುವವರ ಮಾತು ಅದಕ್ಕೆ ಅರ್ಥವೇ ಆಗಲಿಲ್ಲ. ಆ ಸಾಲುಗಳನ್ನು ನಾನು, ನನ್ನ ತಂಗಿ ಕೂತು ಟೈಪ್ ಮಾಡಿದೆವು.